ಹನ್ನೊಂದು, ಎಡದಿಂದ ಬಲಕ್ಕೆ

ಪೇಪರಿನ ದುಡ್ಡು ಅರ್ಧ ನಮ್ಮದು, ಅರ್ಧ ಮಹಡಿಯವರದು.
ಆರಕ್ಕೆ ಬಂದದ್ದು ಹತ್ತರವರೆಗೆ ಮೇಲೆ,
ಆಮೇಲೆ ಹಗ್ಗದ ಬುಟ್ಟಿಯಲ್ಲಿ ಕೆಳಗೆ,
ಸಂಜೆ ಮತ್ತೆ ಮೇಲೆ, ರದ್ದಿಗೆ.
ರದ್ದಿಯ ಲೆಕ್ಕ ಕೇಳಬಾರದು.
ಸಾಲಗಾಮೆ ರಸ್ತೆಯ ಈ ಮನೆಗೆ ಬಾಡಿಗೆಗೆ ಬಂದ ದಿನವೇ
ಅಡ್ವಾನ್ಸಿನ ಜೊತೆಗೆ ಇದೂ ಮಾತಾಗಿತ್ತು.

ಪದಬಂಧ ಮಾತ್ರ ಇಡಿಯಾಗಿ ಚೆನ್ನಾಜಮ್ಮನದು.
ಓದಿದ್ದು ಏಳನೇ ಕ್ಲಾಸು. ನೀಲಿ ಪೆನ್ನು.
ತಪ್ಪಾದರೆ ಅಳಿಸುವ ಮಾತಿಲ್ಲ,
ಅದರ ಮೇಲೇ ಇನ್ನೊಂದಕ್ಷರ, ದಪ್ಪಗೆ,
ಹರಿದ ಮೊಣಕೈಗೆ ತೇಪೆ ಹಾಕಿದ ಹಾಗೆ.
ಸಿಗದಿದ್ದರೆ ಮೆಟ್ಟಿಲ ಮೇಲಿಂದಲೇ ಕೂಗು:
"ಸುಕನ್ಯಾ, ಕುದುರೆಯ ಕೂಗು, ನಾಲ್ಕಕ್ಷರ!"
ನಾನು ಸೀರೆಗೆ ಫಾಲ್ ಹೊಲಿಯುತ್ತಾ
ಹಲ್ಲಲ್ಲಿ ದಾರ ಕಚ್ಚಿಕೊಂಡೇ "ಹೇಷಾರವ" ಅಂದರೆ
ಮೇಲಕ್ಕೆ ಹತ್ತುತ್ತಿದ್ದುದು ಬರೀ "ಹೇ... ವ".
ಆದರೂ ಬರೆದುಕೊಳ್ಳುತ್ತಿದ್ದರು, ಸರಿಯಾಗಿ.

ಮೋಟಾರಿನ ಬಿಲ್ಲು ಬಂತು. ಇನ್ನೂರ ಎಪ್ಪತ್ತನಾಲ್ಕು.
ಹೇಮಾವತಿ ನೀರು ದಿನ ಬಿಟ್ಟು ದಿನ,
ಅದನ್ನು ಸಂಪಿನಿಂದ ಟ್ಯಾಂಕಿಗೆ ಹತ್ತಿಸುವ ಕರೆಂಟು ಯಾರ ತಲೆಗೆ?
ನಮ್ಮ ಮನಸ್ವಿಯದು ಒಂದು ಗಾಜಿನ ತೊಟ್ಟಿ, ಆರು ಗಪ್ಪಿ ಮೀನು,
ವಾರಕ್ಕೆ ಎರಡು ಬಕೀಟು.
"ನಿಮ್ಮ ಮೀನಿಗೆ ನಾವು ಕರೆಂಟು ಕಟ್ಟಬೇಕಾ?" ಅಂದರು.
"ನಿಮ್ಮ ನಲವತ್ತು ಡೇರೆ ಕುಂಡ ಉಪವಾಸ ಇರ್ತಾವಾ?" ಅಂದೆ.
ಅನ್ನಬಾರದಿತ್ತು.
ಬಾಯಿಗೂ ನೀಲಿ ಪೆನ್ನಿನದೇ ಗುಣ.

ಹನ್ನೆರಡು ದಿನ.
ಬುಟ್ಟಿ ಮಾತ್ರ ಇಳಿಯುತ್ತಿತ್ತು, ಹತ್ತಕ್ಕೆ ಸರಿಯಾಗಿ.
ಹಗ್ಗದ ತುದಿಗೆ ಒಂದು ಕೈ, ನಾಲ್ಕು ಬಳೆ, ಮುಖವಿಲ್ಲ.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಎದುರಾದರೆ
ಆಲೂಗಡ್ಡೆ ರಾಶಿಯಲ್ಲಿ ಇಬ್ಬರಿಗೂ
ಓಲೆ ಬಿದ್ದುಹೋದಂಥ ಹುಡುಕಾಟ.
ಪದಬಂಧದಲ್ಲಿ ಖಾಲಿ ಮನೆಗಳು ಹೆಚ್ಚಿದವು,
ಒಂದು ದಿನ ಎರಡು, ಒಂದು ದಿನ ಒಂಬತ್ತು.
ಕೂಗದೆ ಉಳಿದ ಪ್ರಶ್ನೆಗಳು.
ಮಗಳ ಪೆನ್ಸಿಲ್ಲಿನಲ್ಲಿ, ತೆಳ್ಳಗೆ,
ಯಾರೋ ಬರೆದರು ಅನ್ನುವ ಹಾಗೆ ತುಂಬಿ
ಸಂಜೆ ಮೇಲೆ ಕಳಿಸತೊಡಗಿದೆ.

ಗುರುವಾರದ್ದು ತೂತು ಬಿದ್ದೇ ಬಂತು.
ಬೆನ್ನಿನ ಪುಟದ ಹೊಸರುಚಿ ಕತ್ತರಿಸಿಕೊಂಡಿದ್ದರು,
ಬಾಳೆದಿಂಡಿನ ದೋಸೆಯೋ ಏನೋ,
ಅದರ ಜೊತೆ ಈಚೆಯ ಸುಳಿವುಗಳೂ ಹೋಗಿದ್ದವು
ಹತ್ತರಿಂದ ಹದಿನಾಲ್ಕು.
ಹನ್ನೊಂದು, ಎಡದಿಂದ ಬಲಕ್ಕೆ: ಮೂರು ಮನೆ.
ಎರಡರಲ್ಲಿ ನೀಲಿ ಪೆನ್ನು: ರ, ಸ.
ಮೊದಲನೆಯದು ಖಾಲಿ.

ಸಿಗದೆ ಬಿಟ್ಟರೋ, ಬೇಕೆಂದೇ ಬಿಟ್ಟರೋ?
ವಿ ಬರೆದರೆ ಒಂದಾಯಿತು, ಸ ಬರೆದರೆ ಇನ್ನೊಂದು.
ಕುಕ್ಕರ್ ಮೂರು ಸಲ ಕೂಗಿ ಸುಮ್ಮನಾಯಿತು.
ಊಟಕ್ಕೆ ಬಂದ ಇವರು ಇಣುಕಿ
"ನೀರಸ ಅಂತಲೂ ಆಗುತ್ತಲ್ಲ" ಅಂದರು,
ಸಾರು ಕಲಸಿಕೊಳ್ಳುತ್ತಾ. ನನ್ನ ಸಾರು.

ಪೆನ್ಸಿಲ್ ಬದಿಗಿಟ್ಟು
ಪೆನ್ನಿನಲ್ಲೇ ಬರೆದೆ: ಸ.

ಬುಟ್ಟಿ ಹತ್ತಿತು. ರಾತ್ರಿಯೆಲ್ಲ ಮೇಲೆ
ಧಾರಾವಾಹಿ, ಪಾತ್ರೆ, ಗುರುಶಾಂತಪ್ಪನವರ ಮರದ ಕೋಲು.
ಬೇರೆ ಸದ್ದಿಲ್ಲ.

ಬೆಳಿಗ್ಗೆ ಆರೂಕಾಲು. ಹತ್ತಾಗಿರಲಿಲ್ಲ.
ಮೆಟ್ಟಿಲ ಮೇಲಿಂದ:
"ಸುಕನ್ಯಾ! ಹಕ್ಕಿ ಕಣೇ ಅದು! ಸಾರಸ!
ಉದ್ದ ಕಾಲಿನ ಹಕ್ಕಿ ಅಂತ ಕೊಟ್ಟಿದ್ರು, ನನಗೇ ಹೊಳೀಲಿಲ್ಲ.
ನೀನು ನೋಡಿದ್ರೆ ಸರಸ ಅಂತ ಬರ್ದಿದೀಯ,
ಈ ವಯಸ್ಸಲ್ಲಿ, ನನ್ನ ಹತ್ರ!"

ಒಳಗಿಂದ ಗುರುಶಾಂತಪ್ಪನವರು ಕೆಮ್ಮಿದರು, ನಕ್ಕರೂ ಇರಬಹುದು.
ಬಾಯಲ್ಲಿ ಬ್ರಷ್ಷಿತ್ತು, ಏನೋ ಅಂದೆ, ಬರೀ ನೊರೆ.
ಆದರೂ ಅವರಿಗೆ ಕೇಳಿಸಿತು.

ಬಿಲ್ಲು ಇನ್ನೂ ಹಾಗೇ ಇದೆ,
ಮೀಟರ್ ಬೋರ್ಡಿನ ಸಂದಿಯಲ್ಲಿ, ನಾಲ್ಕು ಮಡಿಕೆ.
ಯಾರೋ ಮೋಟಾರು ಹಾಕಿದರು.
ಮನಸ್ವಿ ಮೀನಿಗೆಂದು ಬಕೀಟು ಹಿಡಿದವಳು
ತುಂಬುವ ಮೊದಲೇ ನಲ್ಲಿ ತಿರುಗಿಸಿ
ಒಮ್ಮೆ ಮೇಲೆ ನೋಡಿದಳು.